ನಾಯಿಯ ಚೀಲವೂ ನನ್ನ ಐದು ನಿಮಿಷವೂ

ಸೊಂಟಕ್ಕೊಂದು, ಕೈಗೊಂದು ಮಗುವನ್ನು ಹಿಡಿದು ಕುಷ್ಟಗಿಯಿಂದ ಯಲಬುರ್ಗಾದ ತವರಿಗೆ ಬಸ್ಸಿನಲ್ಲಿ ನಿಂತೇ ಹೋಗಿಬಂದವಳು ನಾನು. ಚೀಲದಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಒಂದು ಪೊಟ್ಟಣ ವಿಭೂತಿ. ನಮ್ಮ ಸಿದ್ಧತೆ ಅಷ್ಟೇ. ಹಸಿವಾದರೆ ರೊಟ್ಟಿ, ಮೈ ಬಿಸಿಯಾದರೆ ವಿಭೂತಿ, ಅಳು ನಿಲ್ಲದಿದ್ದರೆ ಎರಡೂ. ಆಗೆಲ್ಲ ನಮ್ಮ ಮನೆಯವರು ಬಸ್ಸಿನ ಕಿಟಕಿಯ ಹತ್ತಿರ ಬಂದು "ಹುಷಾರು" ಎಂದದ್ದೂ ನೆನಪಿಲ್ಲ. ಅದೇ ಮನುಷ್ಯ ಈಗ ಒಂದು ನಾಯಿಯನ್ನು ಗಂಗಾವತಿಗೆ ಕರೆದೊಯ್ಯಲು ಮೂರು ದಿನ ತಯಾರಿ ನಡೆಸಿದರೆ ನಗದೆ ಏನು ಮಾಡಲಿ?

ಅವರು ಸಾಲೆಯಲ್ಲಿ ಗಣಿತದ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೆ ಪಾಠ ಹೇಳಲು ಯಾರೂ ಸಿಗದೆ ನಾಯಿ ಸಾಕಿದರು. ಅದಕ್ಕೆ ಭೈರವ ಎಂದು ಹೆಸರಿಡಲು ಹೊರಟಿದ್ದರು. ದೇವರ ಹೆಸರು ಹಿಡಿದು ದಿನಾ ಬೈಯುವುದು ನನ್ನಿಂದಾಗದು ಎಂದೆ. ಹುರಿಗಡಲೆಯ ಬಣ್ಣವಿತ್ತು, ನಮ್ಮ ಕಡೆ ಹುರಿಗಡಲೆಗೆ ಅನ್ನುವ ಹಾಗೆ ಪುಟಾಣಿ ಎಂದಾಯಿತು. ಪ್ರವಾಸದಲ್ಲಿ ನಾಯಿಯನ್ನು ಹೇಗೆ ಕಾಯಬೇಕೆಂದು ಮೊಬೈಲಿನಲ್ಲಿ ನೋಡಿ ನೋಡಿ, ಗೆರೆ ಹಾಳೆಯ ಮೇಲೆ ಎಂಟು ಅಂಶ ಬರೆದು ಫ್ರಿಜ್ಜಿಗೆ ಅಂಟಿಸಿದರು. ಮೊದಲನೆಯದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ: ನಿಂತ ಕಾರಿನಲ್ಲಿ ನಾಯಿಯನ್ನು ಬಿಡಬಾರದು. ಪಕ್ಕದ ಮನೆಯ ಗಿರಿಜಕ್ಕ ಹೆಪ್ಪಿಗೆಂದು ಬಂದಾಗ ಅದನ್ನು ನಾನೇ ಓದಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಚೀಲ ತುಂಬುವ ಕಾರ್ಯಕ್ರಮ. ನೀರಿನ ಬಾಟಲಿ, ಬಟ್ಟಲು, ಎರಡು ಟವೆಲ್ಲು, ಬ್ಯಾಂಡೇಜು, ಲಸಿಕೆ ಚೀಟಿಯ ಝೆರಾಕ್ಸು, ಕೊನೆಗೆ ನಾಯಿಯದೊಂದು ಫೋಟೋ.

"ಫೋಟೋ ಯಾಕ್ರಿ?"

"ಕಳದ್ರ ಮಂದಿಗೆ ತೋರ್ಸಾಕ."

"ನನ್ನ ಫೋಟೋ ಇಟ್ಟೀರೇನು?"

"ನೀ ಎಲ್ಲಿ ಕಳೀತಿ? ಯಾವುದಾರ ಒಂದು ಗುಡ್ಯಾಗ ಇರ್ತಿ."

ಗಂಗಾವತಿಯಲ್ಲಿ ನನ್ನ ತಂಗಿಯ ಮನೆ. ಊಟ ಮುಗಿಸಿ ಹೊರಟಾಗ ಅವಳ ಗಂಡ ಎರಡು ಮೂಟೆ ಹೊಸ ಅಕ್ಕಿಯನ್ನು ಡಿಕ್ಕಿಗೆ ಹಾಕಲು ತಂದರು. "ನಾಯಿ ಚೀಲ ಮ್ಯಾಲ ಇರ್ಲಿ, ಕೈಗೆ ಸಿಗಬೇಕು" ಎಂದರು ನಮ್ಮವರು. "ಉಣ್ಣೋ ಅಕ್ಕಿ ಮ್ಯಾಲ ನಾಯಿ ಚೀಲ ಇಡ್ತೀರೇನ್ರಿ? ಅನ್ನಪೂರ್ಣಿ ಏನಂದಾಳು?" ಎಂದೆ. ಚೀಲ ಕೆಳಗೆ ಹೋಯಿತು, ಅಕ್ಕಿ ಮೇಲೆ ಬಂತು. ಧರ್ಮ ಉಳಿಯಿತು.

ಅಷ್ಟು ಹತ್ತಿರ ಬಂದು ಆನೆಗೊಂದಿಯ ಕಡೆಯ ದೇವರಿಗೆ ಕೈ ಮುಗಿಯದೆ ಹೋಗುವುದುಂಟೆ? ಗುಡಿಯ ಮುಂದೆ ಕಾರು ನಿಂತಾಗ ಮನೆಯವರು, "ನೀ ಹೋಗಿ ಬಾ, ನಾ ಪುಟಾಣಿ ಕೂಡ ಇರ್ತೀನಿ" ಎಂದರು.

"ಗಂಡ ಹೆಂಡ್ತಿ ಕೂಡೇ ಅರ್ಚನಿ ಮಾಡಸಬೇಕ್ರಿ. ಐದ ನಿಮಿಷ."

ಅವರು ಕಿಟಕಿಯ ಗಾಜನ್ನು ಅರ್ಧ ಇಳಿಸಿದರು. ಬಂಡೆಯ ಮೇಲಿದ್ದ ಮಂಗಗಳು ಮುಂದಿನ ಸೀಟಿನಲ್ಲಿದ್ದ ನನ್ನ ಬಾಳೆಹಣ್ಣಿನ ಚಿಪ್ಪನ್ನು ನೋಡುತ್ತಿದ್ದವು. ಗಾಜನ್ನು ಪೂರ್ತಿ ಏರಿಸಲು ಹಚ್ಚಿದವಳು ನಾನೇ. ಮೊದಲು ಹೊಳೆಗೆ ಹೋಗಿ ಮನೆಯ ದೇವರ ಅಭಿಷೇಕಕ್ಕೆಂದು ಒಂದು ಕ್ಯಾನು ನೀರು ತುಂಬಿಕೊಂಡೆ. ಆಮೇಲೆ ಸಾಲು, ಅರ್ಚನೆ. ಇನ್ನೇನು ಮಂಗಳಾರತಿ ಎಂದರು ಪೂಜಾರಿಗಳು. ಮಂಗಳಾರತಿ ಬಿಟ್ಟು ಹೋಗಲು ನಾವೇನು ನಾಸ್ತಿಕರೇ? ಮನೆಯವರು ಪದೇ ಪದೇ ಬಾಗಿಲ ಕಡೆ ನೋಡುತ್ತಿದ್ದರು. ಭಕ್ತಿಯಿಲ್ಲದ ಮನುಷ್ಯ ಎಂದುಕೊಂಡೆ.

ಪ್ರಸಾದ ಕೈಗೆ ಬೀಳುವಾಗ, ನಾವು ಚಪ್ಪಲಿ ಬಿಟ್ಟು ಬಂದಿದ್ದ ಅಂಗಡಿಯ ಹೂವಿನಾಕೆ ಬಾಗಿಲಲ್ಲಿ ನಿಂತು ಕೂಗಿದಳು. "ಯಕ್ಕಾ, ಆ ಬಿಳಿ ಕಾರು ನಿಮ್ದೇನ್ರಿ? ಒಳಗ ನಾಯಿ ನಾಲಗಿ ಚಾಚಿ ಬಿದ್ದೈತಿ ನೋಡ್ರಿ."

ಮನೆಯವರು ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಓಡಿದರು. ಬಾಗಿಲು ತೆಗೆದರೆ ಒಲೆಯ ಬಾಯಿಯ ಹಾಗೆ ಝಳ. ಪುಟಾಣಿಯ ನಾಲಗೆ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಕರೆದರೆ ಕಣ್ಣಷ್ಟೇ ಹೊರಳಿತು. ಎತ್ತಿ ನೆರಳಿಗೆ ಹಾಕಿದರು. ಡಿಕ್ಕಿಗೆ ಓಡಿ ಅಕ್ಕಿ ಮೂಟೆಯನ್ನು ಎಳೆದರು; ಬೆನ್ನು ನೋವಿನ ಮನುಷ್ಯ, ಅದು ಅಲುಗಲಿಲ್ಲ.

"ನೀರು ಹಾಕ್ರಿ ಯಕ್ಕ, ಕ್ಯಾನು ಕೈಯಾಗ ಐತಲ್ಲ" ಎಂದಳು ಹೂವಿನಾಕೆ.

ನಾನು ಕ್ಯಾನನ್ನು ಎದೆಗೆ ಒತ್ತಿಕೊಂಡೆ. "ಇದು ದೇವರಿಗೆ ತಗೊಂಡಿದ್ದವ್ವ."

"ದೇವರು ಹೊಳಿ ದಂಡಿಗೇ ಕುಂತಾನ್ರಿ. ಆತಗೇನು ನೀರಿನ ಬರ ಬಂದೈತಿ? ಕೊಡ್ರಿ ಇಲ್ಲಿ."

ಕಸಿದುಕೊಳ್ಳುವ ಮೊದಲೇ ಮುಚ್ಚಳ ತೆಗೆದೆ. "ಹೊಟ್ಟಿಗೆ ಹಾಕು. ಪಾದಕ್ಕ. ಬಾಯಾಗ ಸುರೀಬ್ಯಾಡ" ಎಂದು ಮನೆಯವರು ಹೇಳುತ್ತಿದ್ದರು. ಫ್ರಿಜ್ಜಿನ ಮೇಲಿನ ಐದನೆಯ ಅಂಶ. ನನ್ನ ಸೆರಗನ್ನೇ ಒದ್ದೆ ಮಾಡಿ ಮೈ ಒರೆಸಿದೆ. ಕ್ಯಾನು ಖಾಲಿಯಾಗುವ ಹೊತ್ತಿಗೆ ಪುಟಾಣಿ ಒಂದು ಸಲ ಬಾಲವನ್ನು ನೆಲಕ್ಕೆ ಬಡಿಯಿತು.

ಗಂಗಾವತಿಗೇ ತಿರುಗಿ ದನದ ದವಾಖಾನೆಗೆ ಓಡಿದೆವು. ಸಲೈನು ಹಚ್ಚುತ್ತ ಡಾಕ್ಟರು ಕೇಳಿದರು, "ಎಷ್ಟೊತ್ತು ಕಾರಿನಾಗ ಇತ್ರಿ?"

ಮನೆಯವರು ನನ್ನ ಮುಖ ನೋಡಿದರು. "ಐದು ನಿಮಿಷರಿ" ಎಂದೆ. ಕೈಯಲ್ಲಿ ಪ್ರಸಾದ ಹಾಗೇ ಇತ್ತು.

"ಐದು ನಿಮಿಷಕ್ಕ ಹಿಂಗ ಆಗಂಗಿಲ್ರಿ ಅಮ್ಮಾರ. ಖರೇ ಹೇಳ್ರಿ, ಔಷಧ ಕೊಡಾಕ ಬೇಕು."

ಪ್ರಸಾದವನ್ನು ಮೇಜಿನ ಮೇಲಿಟ್ಟೆ. "ಮುಕ್ಕಾಲು ತಾಸ್ರಿ."

ಪುಟಾಣಿ ಬದುಕಿತು. ದೇವರ ದಯೆಯನ್ನು ಎಣಿಸುವ ರೂಢಿ ನನ್ನದು: ಹೂವಿನಾಕೆಯ ಕಣ್ಣಿಗೆ ಬಿದ್ದದ್ದು ಒಂದು, ಕ್ಯಾನು ತುಂಬಿದ್ದದ್ದು ಎರಡು, ಡಾಕ್ಟರು ಇದ್ದದ್ದು ಮೂರು. ಕುಷ್ಟಗಿ ಮುಟ್ಟುವ ತನಕ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದನ್ನು ದಯೆಗೆ ಸೇರಿಸಬೇಕೋ ಶಿಕ್ಷೆಗೋ ಇನ್ನೂ ತಿಳಿದಿಲ್ಲ.

ಮರುದಿನ ಮುಂಜಾನೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಒಂಬತ್ತನೆಯ ಅಂಶ ಹುಟ್ಟಿತ್ತು, ದುಂಡಗಿನ ಮಾಸ್ತರ ಅಕ್ಷರದಲ್ಲಿ: ಗುಡಿಯ ಐದು ನಿಮಿಷವನ್ನು ಒಂಬತ್ತರಿಂದ ಗುಣಿಸುವುದು. ಇನ್ನು ಸ್ವಲ್ಪ ಹೊತ್ತಿಗೆ ಗಿರಿಜಕ್ಕ ಹೆಪ್ಪಿಗೆ ಬರುವವಳು. ಹರಿದು ಹಾಕೋಣವೆಂದು ಕೈ ಎತ್ತಿದೆ. ಎತ್ತಿದ ಕೈಯ ಬೆರಳಲ್ಲೇ ಒಂದು ಸಲ ಗುಣಿಸಿ ನೋಡಿದೆ. ಲೆಕ್ಕ ಸರಿಯಿತ್ತು.