ಹಿಂದೆ ನೋಡುತ್ತ ಮುಂದೆ ಹೋಗುವ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಬುದ್ಧಿವಂತ ಬೈಲಹೊಂಗಲ ತಾಲೂಕಿನಲ್ಲೇ ಇಲ್ಲ ಎನ್ನುವವರು ಊರಲ್ಲಿ ಒಬ್ಬರಿದ್ದಾರೆ. ಆ ಒಬ್ಬರು ಮಾವನೇ!

ಈ ಬುದ್ಧಿವಂತ ಸೈನ್ಯಕ್ಕೆ ಸೇರಿ, ಬಂದೂಕಿಗಿಂತ ಹೆಚ್ಚು ಹುಟ್ಟು ಹಿಡಿದು, ಎಲ್ಲೆಲ್ಲಿಯದೋ ಕೆರೆಗಳಲ್ಲಿ ದೋಣಿ ಸ್ಪರ್ಧೆ ಗೆದ್ದು, ಟ್ರಂಕು ತುಂಬ ಪದಕ ತಂದ. ಅಜ್ಜಿ, ಅಂದರೆ ಅವನ ಅವ್ವ, ವಿಚಾರಣೆ ನಡೆಸಿದಳು.

“ದೋಣ್ಯಾಗ ಮಂದೀನ ಹೊಳಿ ದಾಟಸ್ತಿದ್ದೇನೋ?”

“ಇಲ್ಲವ್ವಾ.”

“ಮತ್ತ ಮೀನ ಹಿಡೀತಿದ್ದೇನು? ಶಿವ ಶಿವಾ!”

“ಇಲ್ಲವ್ವಾ. ಈ ದಂಡಿಯಿಂದ ಆ ದಂಡಿಗೆ ಎಲ್ಲಾರಕಿಂತ ಜೋರ ಹೋಗೂದು.”

“ಅಲ್ಲೇನಿತ್ತು?”

ಮಾವ ಟ್ರಂಕು ಮುಚ್ಚಿದ. ಅವನು ಗೆದ್ದದ್ದನ್ನು ಮನೆಯವರು ಯಾರೂ ಕಂಡಿರಲಿಲ್ಲ. ಸವದತ್ತಿಯ ಡ್ಯಾಂ ಬಿಟ್ಟರೆ ನಮ್ಮಲ್ಲಿ ದೋಣಿ ಬಿಡಲು ನೀರಾದರೂ ಎಲ್ಲಿದೆ? ಅಷ್ಟರಲ್ಲಿ ಬೆನ್ನು ನೋವು ಬಂದು, ಹುಟ್ಟು ಮುಟ್ಟಬೇಡ ಎಂದರು ಡಾಕ್ಟರು. “ಅವ್ವನ ಕಣ್ಣಮುಂದ ಒಂದ ಶರ್ಯತ್ತರ ಗೆಲ್ಲಬೇಕು” ಎಂದು ಹಟ ತೊಟ್ಟು ಮಾವ ಸೈಕಲ್ ಏರಿದ.

ಮೊದಲು ಹೋದದ್ದು ಕಟಿಂಗ್ ಅಂಗಡಿಗೆ. ಕಾಲು ಬೋಳಿಸು ಅಂದಾಗ ಅಂಗಡಿಯವನು ಕತ್ತರಿ ಕೆಳಗಿಟ್ಟ. “ತಲಿ ಬೋಳಿಸೂ ಹರಕಿ ಕೇಳೇನ್ರಿ. ಈ ಕಾಲಿನ ಹರಕಿ ಯಾವ ದೇವರಿಗ್ರಿ?” ಗಾಳಿಗೆ ಕೂದಲು ಅಡ್ಡ ಬರುತ್ತದಂತೆ! ಹೊಟ್ಟೆ ಅಡ್ಡ ಬರುವುದು ಮಾವನ ಗಮನಕ್ಕೆ ಬಂದಿರಲಿಲ್ಲ.

ದೋಣಿ ಸ್ಪರ್ಧೆಯಲ್ಲಿ ಗುರಿಗೆ ಬೆನ್ನು ಮಾಡಿ ಕೂರಬೇಕು. ಮುಂದಿರುವವನಿಗೆ ಸೋಲುವವರ ಮುಖಗಳೆಲ್ಲ ಕಾಣುತ್ತವೆ. ಆ ಸುಖ ಬಿಡಲಾಗದೆ ಮಾವ ಸೈಕಲ್ ಮೇಲೂ ಹಿಂದೆ ತಿರುಗಿ ನೋಡುತ್ತಿದ್ದ. ಹಾಗೆ ನೋಡುತ್ತಲೇ ನೇಸರಗಿ ರಸ್ತೆಯಲ್ಲಿ ಜೋಳದ ದಂಟಿನ ಕಣಿಕಿ ಹೇರಿದ ಚಕ್ಕಡಿಯೊಳಗೆ ಹೊಕ್ಕ. ಗಾಡಿಯವರು ಕಾಲು ಹಿಡಿದು ಹೊರಗೆಳೆದು, “ಎತ್ತುಗೋಳ ಸುದ್ದಾ ಮುಂದ ನೋಡಿ ನಡೀತಾವ್ರಿ, ಸಾಹೇಬ್ರ” ಎಂದರಂತೆ.

ಅಂತೂ ಸೈಕಲ್ ಶರ್ಯತ್ತಿನ ದಿನ ಬಂತು. ಸವದತ್ತಿಯಿಂದ ಬೈಲಹೊಂಗಲಕ್ಕೆ; ನಮ್ಮೂರು ಆ ದಾರಿಯಲ್ಲೇ. ಅಜ್ಜಿ ಮಜ್ಜಿಗೆ ತಂಬಿಗೆ ಹಿಡಿದು ರಸ್ತೆ ಬದಿ ನಿಂತಿದ್ದಳು. ಬಿಸಿಲಲ್ಲಿ ಬಂದವರನ್ನು ಬಾಯಾರಿದಂತೆಯೇ ಕಳಿಸಿದವಳಲ್ಲ ಅವಳು. ದೂರದಲ್ಲಿ ಸೈಕಲ್‌ಗಳು ಕಂಡವು. ಎಲ್ಲರಿಗಿಂತ ಮುಂದೆ ಯಾರು? ಮಾವ!

ಅಜ್ಜಿ ರಸ್ತೆಗಿಳಿದು ಕೈ ಅಡ್ಡ ಹಿಡಿದಳು. “ನಿಂದ್ರೋ ತಮ್ಮಾ, ಒಂದ ಗುಟುಕ ಕುಡದ ಹೋಗು.”

“ಅವ್ವಾ, ಶರ್ಯತ್ತ ನಡದೈತಿ.”

“ಅದೆಲ್ಲಿ ಓಡಿ ಹೋಗ್ತೈತಿ, ಕುಡಿ.”

ಮಾವ ಇಳಿದ. ತಂಬಿಗೆ ಖಾಲಿಯಾಗುವವರೆಗೆ ಕುಡಿದ. ಅಜ್ಜಿ ಸೆರಗಿನಿಂದ ಅವನ ಹಣೆಯ ಬೆವರು ಒರೆಸುವಷ್ಟರಲ್ಲಿ ಉಳಿದವರೆಲ್ಲ ದಾಟಿ ಹೋಗಿದ್ದರು.

ಸಂಜೆ ನಾನು ಬಿಡುತ್ತೇನೆಯೇ? “ಮಾಮಾ, ಗೆಲ್ಲೂ ಶರ್ಯತ್ತ ಮಜ್ಜಿಗ್ಯಾಗ ಮುಳುಗಿಸಿದಿ ನೋಡು” ಎಂದೆ.

ಅವನು ನಗಲಿಲ್ಲ. “ಅಷ್ಟ ಕೆರ್‍ಯಾಗ ಗೆದ್ದ ದಂಡಿಗೆ ಬಂದೇನಿ. ಬಾಯಾರೇತೇನು ಅಂತ ಕೇಳಾವ್ರು ಒಬ್ಬರೂ ಇರಲಿಲ್ಲಪಾ.”

ಹಂಗಿಸಲು ಹೋದ ನಾನು ಎದ್ದು, ಅವನಿಗೊಂದು ತಂಬಿಗೆ ನೀರು ತಂದುಕೊಟ್ಟೆ.