ಯಾವಗಲ್ಲಿನ ಇಲ್ಲದ ಚಿಗರಿಗಳ ಕುರಿತು

ವನ್ಯಬಂಧು ಮೃಗಾಲಯ ಪ್ರತಿಷ್ಠಾನದ ಅಧ್ಯಕ್ಷರ ಸನ್ನಿಧಿಗೆ, ರೋಣ ತಾಲ್ಲೂಕಿನ ಯಾವಗಲ್ಲಿನಿಂದ ಪುಷ್ಪಾವತಿ ಎಂಬ ಒಕ್ಕಲಗಿತ್ತಿ ಕೈಮುಗಿದು, ಸಾಧ್ಯವಾದಷ್ಟು ಸಿಟ್ಟು ನುಂಗಿಕೊಂಡು ಬರೆದುಕೊಳ್ಳುವ ವಿಜ್ಞಾಪನೆ.

ಮಾನ್ಯರೇ,

ವನ್ಯಜೀವಿಗಳ ಸೇವೆಯಲ್ಲೇ ಮೂವತ್ತೆರಡು ವರ್ಷ ಕಳೆದು, ಮೂರು ಮೃಗಾಲಯಗಳನ್ನು ನಡೆಸಿ, ಗೋಡೆ ಸಾಲದಷ್ಟು ಪ್ರಶಸ್ತಿ ಪಡೆದ ತಾವು ಹೋದ ವರ್ಷ ಶ್ರಾವಣದಲ್ಲಿ ನಮ್ಮೂರಿಗೆ ದಯಮಾಡಿಸಿ, ಕಾರಿನಿಂದ ಕೆಳಗಿಳಿಯದೆಯೇ ಸಮೀಕ್ಷೆ ಮುಗಿಸಿದ್ದು ನಮ್ಮ ಭಾಗ್ಯ. ಕೃಷ್ಣಮೃಗಕ್ಕೆ ಈ ಕಡೆ ಚಿಗರಿ ಎನ್ನುತ್ತಾರೆಂದು ಕಲಿತುಕೊಂಡೇ ಬಂದಿದ್ದಿರಿ. ಒಂದು ತಾಸಿನಿಂದ ಬಸ್ಸಿಗೆ ಕಾದು ಬೇಸತ್ತಿದ್ದ ನಮ್ಮ ಮಾವ ವೀರಪ್ಪನವರನ್ನು ಕಂಡು, ಗಾಜು ಇಳಿಸಿ, ಇಲ್ಲಿ ಚಿಗರಿ ಬರುತ್ತವೆಯೇ ಎಂದು ಕೇಳಿದಿರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಎ.ಸಿ. ಬಸ್ಸಿನ ಹೆಸರೂ ಚಿಗರಿಯೇ. ಮಾವನವರಿಗೆ ಆ ಹೊತ್ತಿನಲ್ಲಿ ಬೇರೆ ಚಿಗರಿ ನೆನಪಾಗಲಿಲ್ಲ. "ಎಲ್ಲೀದ್ರಿ ಸಾಹೇಬ್ರ, ಅವು ಹುಬ್ಬಳ್ಳಿ-ಧಾರವಾಡದಾಗಷ್ಟ ಓಡ್ತಾವ, ನಮ್ಮ ಕಡೆ ಒಂದೂ ಬರಂಗಿಲ್ಲ" ಎಂದರು. ತಾವು ಬರೆದುಕೊಂಡಿರಿ.

ಹೀಗೆ ನಮ್ಮೂರ ಗೋಮಾಳವಾದ ಗಾಯರಾಣದ ಹುಲ್ಲಿನಲ್ಲಿ ಮೇಯುವ ಅರವತ್ತು ಚಿಗರಿಗಳು ತಮ್ಮ ವರದಿಯಲ್ಲಿ ನಿರ್ನಾಮವಾದವು. ಅವುಗಳಿಗೆ ಓದು ಬಾರದ ಕಾರಣ ಇಂದು ಬೆಳಿಗ್ಗೆಯೂ ನನ್ನ ಹೊಲದ ಕಡಲೆ ಕುಡಿ ತಿಂದು ಹೋದವು. ತಾವೇ ಬಂದು ಆ ವರದಿಯನ್ನು ಅವುಗಳಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ಚಿಗರಿ ಕಳೆದುಕೊಂಡ ನಮ್ಮ ಮೇಲೆ ಕನಿಕರಪಟ್ಟು, ಅದೇ ಗಾಯರಾಣಕ್ಕೆ ತಂತಿಬೇಲಿ ಹಾಕಿಸಿ, ಮೃಗಾಲಯದಲ್ಲಿ ಹುಟ್ಟಿದ ಹನ್ನೆರಡು ಚಿಗರಿಗಳನ್ನು ತಂದು ಬಿಡಲಿದ್ದೀರಿ. ಅದಕ್ಕೂ ಮೊದಲು ಒಳಗಿರುವ ಬಿಡಾಡಿ ಪ್ರಾಣಿಗಳನ್ನು ಹೊರಗೆ ಓಡಿಸಬೇಕೆಂದು ಅಪ್ಪಣೆಯಾಗಿದೆ. ಚಿಗರಿ ತರಲು ಚಿಗರಿ ಓಡಿಸುವ ಈ ಉಪಾಯ ಮೂವತ್ತೆರಡು ವರ್ಷದ ಅನುಭವವಿಲ್ಲದವರಿಗೆ ಹೊಳೆಯುವುದಲ್ಲ. "ತಪ್ಪಾಯಿತು, ನಾನು ಬಸ್ಸಿನ ಮಾತು ಹೇಳಿದ್ದೆ" ಎಂದು ಮಾವನವರು ಮೂರು ಸಲ ತಮ್ಮ ಕಚೇರಿಗೆ ಬಂದರೂ, ಅಚ್ಚಾದ ವರದಿ ತಿದ್ದಲು ಬರುವುದಿಲ್ಲವೆಂದು ಅಲ್ಲಿಯವರು ತಿಳಿಹೇಳಿ ಕಳಿಸಿದರಂತೆ. ಅವರಿಗೆ ಈಗ ಊಟ ಸೇರುತ್ತಿಲ್ಲ. ಬೆಳೆ ತಿಂದಾಗ ಆ ಚಿಗರಿಗಳನ್ನು ಬಾಯಿತುಂಬ ಬೈಯುವವಳು ನಾನೇ. ಆದರೂ ಅವು ಮರಿ ಹಾಕುವ ಜಾಗ ಅದೊಂದೇ, ಹೊರಗೆ ಬರೀ ಡಾಂಬರು ರಸ್ತೆ ಮತ್ತು ನಾಯಿಗಳು.

ಇಷ್ಟಾದರೂ ತಮ್ಮ ವಿಶ್ವಾಸಿ,
ಪುಷ್ಪಾವತಿ, ಯಾವಗಲ್

ತಾ.ಕ.: ಪತ್ರ ಬರೆದಿಟ್ಟ ಮೇಲೆ ಬೇಲಿ ಪೂರ್ತಿಯಾಯಿತು. ಓಡಿಸುವಾಗ ಒಂದು ತಾಯಿ ಹೊರಗೆ ಬಂತು, ಅದರ ಮರಿ ಹುಲ್ಲಿನೊಳಗೇ ಉಳಿಯಿತು. ಮೇಲಿನವರ ಅಪ್ಪಣೆಯಿಲ್ಲದೆ ಬೇಲಿಯ ಗೇಟಿನ ಬೀಗ ತೆಗೆಯಲಾರೆನೆಂದ ತಮ್ಮ ಕಾವಲುಗಾರ ರಮಜಾನಸಾಬ, ತಂತಿಗೆ ಮೂತಿ ಹಚ್ಚಿ ನಿಂತ ಆ ತಾಯಿಯನ್ನು ನೋಡಲಾರದೆ, ಅತ್ತ ಮುಖ ತಿರುಗಿಸಿ ಕೂತ. ಸಂಜೆ ನಾನೇ ಇಕ್ಕಳ ಒಯ್ದು ತಂತಿ ಕತ್ತರಿಸಿದೆ. ಠಾಣೆಗೆ ದೂರು ಕೊಡುವುದಾದರೆ ಅಗತ್ಯವಾಗಿ ಕೊಡಿರಿ; ಒಳಗಿನಿಂದ ಏನು ಹೋಯಿತೆಂದು ಬರೆಯುವಾಗ ಮಾತ್ರ ತಮ್ಮ ವರದಿಯನ್ನು ಒಮ್ಮೆ ಓದಿಕೊಳ್ಳಿರಿ.