ಹಸಿರು ಸೂಟ್‌ಕೇಸಿನ ದ್ವೀಪ ಪ್ರವಾಸ

ಆವಕ ವಹಿಯಲ್ಲಿ ಒಮ್ಮೆ ದಾಖಲಾದ ಯಾವುದೇ ವಸ್ತು ಅಂತಿಮ ಆದೇಶವಿಲ್ಲದೆ ಕಚೇರಿಯ ಹೊಸ್ತಿಲು ದಾಟತಕ್ಕದ್ದಲ್ಲ. ಇದು ನಿಯಮ ಹನ್ನೊಂದು. ಬೇರೆ ಕಚೇರಿಗಳು ಬೇಡವೆಂದ ಕಾಗದಗಳನ್ನು ಜೋಪಾನವಾಗಿ ಕಾಯುವುದಕ್ಕೆಂದೇ ಇದ್ದ ಆ ಕಚೇರಿಯಲ್ಲಿ ಈ ನಿಯಮವನ್ನು ಬರೆದವರು ಸ್ವತಃ ಆವಕ ಗುಮಾಸ್ತರು. ಹಿಂದೊಮ್ಮೆ ಯಾರೋ ಪುಣ್ಯಾತ್ಮರು ಕಡತವೊಂದನ್ನು ಮನೆಗೆ ಒಯ್ದು ಅದರ ಮೇಲೆ ಬಿಸಿ ಪಾತ್ರೆ ಇಟ್ಟುಬಿಟ್ಟಿದ್ದರು. ಪಾತ್ರೆಯ ದುಂಡು ಗುರುತನ್ನು ಮೊಹರೆಂದು ತಿಳಿದು ಮೇಲಿನ ಕಚೇರಿಯವರು ಆ ಕಡತವನ್ನು ಮಂಜೂರು ಮಾಡಿದರು. ಗುಮಾಸ್ತರು ಎರಡು ದಿನ ಊಟ ಬಿಟ್ಟು ಕೂತು ನಿಯಮ ರಚಿಸಿದರು.

ಇಂಥ ಗುಮಾಸ್ತರ ಹೆಂಡತಿ ಸಮುದ್ರವನ್ನು ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗುಮಾಸ್ತರು “ತೋರಿಸ್ತೀನಿ ಬಿಡು” ಅಂದಿದ್ದರು. ಆ ವಿಷಯ ಇಪ್ಪತ್ತೈದು ವರ್ಷಗಳಿಂದ ಬಾಕಿ ಇತ್ತು. ಆಕೆ ಒಂದು ಸಲವೂ ಜ್ಞಾಪನ ಕೊಟ್ಟಿರಲಿಲ್ಲ. ಜ್ಞಾಪನವಿಲ್ಲದ ವಿಷಯ ಮೇಲೆ ಬರುವುದಾದರೂ ಹೇಗೆ? ಕೊನೆಗೆ ಪರವೂರಿನಲ್ಲಿ ಟೀಚರಾಗಿದ್ದ ಮಗಳೇ ಬಿಸಿಲ ಸೀಮೆಯ ದ್ವೀಪವೊಂದಕ್ಕೆ ಎರಡು ಟಿಕೆಟ್ ಕೊಡಿಸಿದಳು. ರೈಲು, ಆಮೇಲೆ ಹಡಗು, ಆಮೇಲೆ ಐದು ದಿನ ಬಿಳಿ ಮರಳು, ನೀಲಿ ನೀರು.

ಹೆಂಡತಿ ಮೂರು ವಾರ ಪ್ಯಾಕಿಂಗ್ ಮಾಡಿದರು. ಹಸಿರು ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಟ್ಟು ತುಂಬುವುದು, ಮುಚ್ಚಳ ಕೂರದಿದ್ದರೆ ಅದರ ಮೇಲೆ ತಾವೇ ಕೂರುವುದು, ಬೆಳಗ್ಗೆ ಎದ್ದು ಎಲ್ಲ ಈಚೆಗೆ ತೆಗೆದು ಮತ್ತೆ ತುಂಬುವುದು. ಅಗಲ ಅಂಚಿನ ಹುಲ್ಲಿನ ಟೋಪಿ, ರಬ್ಬರ್ ಚಪ್ಪಲಿ, ಬಿಸಿಲಿಗೆ ಹಚ್ಚುವ ಕ್ರೀಮು, ಸೊಳ್ಳೆಗೆ ಹಚ್ಚುವ ಕ್ರೀಮು, ಒದ್ದೆ ಬಟ್ಟೆಗೆಂದು ಪ್ಲಾಸ್ಟಿಕ್ ಚೀಲ, ಕೊಡೆ, ಹೊಟ್ಟೆ ಕೆಟ್ಟರೆ ಮಾತ್ರೆ, ಹೊಟ್ಟೆ ಕಟ್ಟಿದರೆ ಇನ್ನೊಂದು ಮಾತ್ರೆ.

“ಈ ಹೂಹೂ ಚಡ್ಡಿ ಯಾರಿಗೆ?” ಗುಮಾಸ್ತರು ಕೇಳಿದರು.

“ನಿಮಗೇ ಕಣ್ರೀ. ಪ್ಯಾಂಟು ಹಾಕ್ಕೊಂಡು ಸಮುದ್ರಕ್ಕಿಳಿದ್ರೆ ಮೀನು ನಗ್ತವೆ.”

“ಕೆಲಸಕ್ಕೆ ಸೇರಿದ ಮೇಲೆ ನನ್ನ ಮೊಣಕಾಲು ಹೊರಗಿನವರು ಯಾರೂ ನೋಡಿಲ್ಲ.”

“ನೋಡ್ಲಿ ಬಿಡಿ. ನೋಡಿದವರ ಗಂಟೇನು ಹೋಗುತ್ತೆ?”

ಗುಮಾಸ್ತರು ಮೂವತ್ತನಾಲ್ಕು ವಸ್ತುಗಳ ಪಟ್ಟಿಯನ್ನು ದುಂಡಗಿನ ಅಕ್ಷರದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದರು. ಟಿಕೆಟ್ಟುಗಳು ಕಳೆದುಹೋಗದಿರಲೆಂದು ಹೆಂಡತಿ ಅವನ್ನು ಸೂಟ್‌ಕೇಸಿನದೇ ಪಕ್ಕದ ಜೇಬಿನಲ್ಲಿಟ್ಟರು. ಆಕೆ ಅಷ್ಟು ಖುಷಿಯಾಗಿದ್ದನ್ನು ಗುಮಾಸ್ತರು ಮಗಳು ಹುಟ್ಟಿದಾಗ ಬಿಟ್ಟರೆ ಮತ್ತೆ ನೋಡಿರಲಿಲ್ಲ.

ಸ್ಟೇಷನ್ ಕಚೇರಿಯ ಹಿಂದೆಯೇ ಇತ್ತು; ರೈಲು ಸಂಜೆ ಐದು ನಲವತ್ತಕ್ಕೆ. ಆದ್ದರಿಂದ ಗುಮಾಸ್ತರು ಬೆಳಗ್ಗೆಯೇ ಸೂಟ್‌ಕೇಸು ಹೊತ್ತು ಕೆಲಸಕ್ಕೆ ಬಂದರು. ಕಸಗುಡಿಸುವವರು ಇನ್ನೂ ನೆಲ ಒರೆಸುತ್ತಿದ್ದರು. ತಳ ಒದ್ದೆಯಾಗದಿರಲೆಂದು ಗುಮಾಸ್ತರು ಅದನ್ನು ಎತ್ತಿ ತಮ್ಮ ಮೇಜಿನ ಮೇಲಿಟ್ಟರು.

ಆ ಮೇಜಿಗೆ ಬಂದದ್ದರ ಮೇಲೆಲ್ಲ ಮೊಹರು ಬೀಳುತ್ತದೆ. ಇಪ್ಪತ್ತಾರು ವರ್ಷದಿಂದ ಹಾಗೇ ಬೀಳುತ್ತಿದೆ. ಗುಮಾಸ್ತರು ಪಕ್ಕದವರಿಗೆ ದ್ವೀಪದ ಹವೆಯ ಬಗ್ಗೆ ಹೇಳುತ್ತಲೇ ಇದ್ದರು, ಕೈ ತನ್ನ ಪಾಡಿಗೆ ತಾನು ಹೋಗಿ ಸೂಟ್‌ಕೇಸಿನ ನೆತ್ತಿಗೆ ಠಪ್ಪೆಂದು ಹೊಡೆಯಿತು. ಸಂಖ್ಯೆ ನಾಲ್ಕು ಸಾವಿರದ ನಾನೂರ ಹದಿನೇಳು. ವಹಿಯಲ್ಲಿ “ಹಸಿರು ಸೂಟ್‌ಕೇಸು, ಒಂದು, ಭಾರ ಇದೆ” ಎಂದು ಬರೆದು, “ಯಾರಿಂದ” ಎಂಬ ಕಡೆ ತಮ್ಮದೇ ಹೆಸರು ಬರೆದಾದ ಮೇಲೆಯೇ ಅವರಿಗೆ ತಾವು ಮಾಡಿದ್ದು ಹೊಳೆಯಿತು.

ಅಧೀಕ್ಷಕರಾದ ಮೇಡಂ ಬಂದು ಮೊಹರನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಶಾಯಿ ಒಣಗಿತ್ತು.

“ಮೇಡಂ, ಕೈತಪ್ಪಿ ಆಗಿದ್ದು. ಒಂದು ಗೆರೆ ಎಳೆದು ಹೊಡೆದುಹಾಕಲಾ?”

“ವಹಿಯಲ್ಲಿ ಗೆರೆ ಎಳೀಬಾರದು ಅಂತ ನಿಯಮ ಹನ್ನೆರಡಿದೆಯಲ್ರೀ.”

“ಹೌದು ಮೇಡಂ. ಅದೂ ನಾನೇ ಬರೆದಿದ್ದು.”

“ಎಷ್ಟು ಚೆನ್ನಾಗಿ ಬರೆದಿದೀರಿ ನೋಡಿ,” ಎಂದರು ಮೇಡಂ, ನಿಜವಾದ ಮೆಚ್ಚುಗೆಯಿಂದ. “ಎಲ್ಲೂ ಒಂದು ಸಂದು ಬಿಟ್ಟಿಲ್ಲ.”

ನಾಲ್ಕೂವರೆಗೆ ಹೆಂಡತಿ ಹೊಸ ಸೀರೆ ಉಟ್ಟು, ನೀರಿನ ಬಾಟಲಿ ಹಿಡಿದು ಗೇಟಿನ ಹತ್ತಿರ ಬಂದರು. ಗುಮಾಸ್ತರು ಬರಿಗೈಯಲ್ಲಿ ಹೊರಬಂದರು.

“ಸೂಟ್‌ಕೇಸು?”

“ಕಡತ ಆಗಿದೆ ಕಣೇ.”

“ಹಾಳಾಗ್ಲಿ ಬಿಡಿ, ಉಟ್ಟಬಟ್ಟೇಲೇ ಹೋಗೋಣ. ಟಿಕೆಟ್ ಕೊಡಿ.”

“ಟಿಕೆಟ್ಟು ಅದರ ಜೇಬಲ್ಲೇ ಇದೆ. ಅದು ಈಗ ಲಗತ್ತು.”

ಇಬ್ಬರೂ ಗೇಟಿನಲ್ಲೇ ನಿಂತಿರುವಾಗ ಐದು ನಲವತ್ತಾಯಿತು; ಹಿಂದುಗಡೆ ರೈಲು ಕೂಗಿ ಹೊರಟಿತು. ಹೆಂಡತಿ ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿ ಮನೆಯ ದಾರಿ ಹಿಡಿದರು. ಟಿಕೆಟ್ಟಿನ ದಿನಾಂಕವನ್ನು ಒಂದು ತಿಂಗಳೊಳಗೆ ಬದಲಿಸಿಕೊಳ್ಳಬಹುದಿತ್ತು. ತಿಂಗಳೊಳಗೆ ಕಡತ ವಿಲೇವಾರಿ ಮಾಡಿಸಿಯೇ ತೀರುತ್ತೇನೆಂದು ಗುಮಾಸ್ತರು ಅಲ್ಲೇ ಮನಸ್ಸಿನಲ್ಲಿ ಪಣ ತೊಟ್ಟರು.

ಕಡತ ನಡೆಯತೊಡಗಿತು. ಅದಕ್ಕೆ ಚಕ್ರಗಳಿದ್ದುದರಿಂದ ಬೇರೆ ಕಡತಗಳಿಗಿಂತ ಚುರುಕಾಗಿಯೇ ನಡೆಯಿತು. ಮುಚ್ಚಳದೊಳಗಿನ ಪಟ್ಟಿಗೆ ಅನುಬಂಧ ಒಂದು ಎಂದು ಹೆಸರಾಯಿತು. ಪ್ರತಿ ಮೇಜಿನಲ್ಲೂ ಅದನ್ನು ಬಿಚ್ಚಿ, ಎಣಿಸಿ, ಆಕ್ಷೇಪಣೆ ಬರೆದು, ಮೇಲೆ ಒಬ್ಬರು ಕೂತು ಮುಚ್ಚಿದರು. ಪ್ರವಾಸಿಗಳು ಇಬ್ಬರಿದ್ದು ಟೋಪಿ ಒಂದೇ ಇರುವುದೇಕೆ? ಬಿಸಿಲಿನ ಕ್ರೀಮೂ ಕೊಡೆಯೂ ಒಟ್ಟಿಗೇ ಇರುವುದರಿಂದ, ಬಿಸಿಲು ಬೀಳುವುದೋ ಮಳೆ ಬರುವುದೋ ಅರ್ಜಿದಾರರು ಒಂದನ್ನು ಖಚಿತಪಡಿಸತಕ್ಕದ್ದು. ಚಡ್ಡಿಯ ಮೇಲೆ ಅರಳಿರುವ ಹೂವು ಯಾವುದು? ಅದು ಸದರಿ ದ್ವೀಪದಲ್ಲಿ ಬೆಳೆಯುತ್ತದೆಯೆ?

ಇವಕ್ಕೆಲ್ಲ ಉತ್ತರ ಬರೆಯಬೇಕಾದವರು ವಿಷಯ ನಿರ್ವಾಹಕರು, ಎಂದರೆ ಗುಮಾಸ್ತರೇ. ಅವರು ಹಗಲೆಲ್ಲ ಕೂತು ಬರೆದರು. ಟೋಪಿಯ ಬಗ್ಗೆ ನಾಲ್ಕು ಪುಟದ ಟಿಪ್ಪಣಿ ಎಷ್ಟು ಸೊಗಸಾಗಿ ಬಂತೆಂದರೆ, ಮನೆಗೆ ಹೋಗಿ ಹೆಂಡತಿಗೆ ಬಾಯಿಪಾಠ ಒಪ್ಪಿಸಿದರು.

“ಅದೆಲ್ಲ ಸರಿ,” ಎಂದರು ಹೆಂಡತಿ. “ಟೋಪಿ ಯಾವಾಗ ಕೊಡ್ತಾರೆ?”

ಇಪ್ಪತ್ತೆರಡನೆಯ ದಿನ ಸೂಟ್‌ಕೇಸು ದೊಡ್ಡ ಸಾಹೇಬರ ಕೋಣೆ ತಲುಪಿತು. ಅವರು ಪಟ್ಟಿ ಓದಿದರು. ಟಿಕೆಟ್ ಓದಿದರು. ಟಿಕೆಟ್ಟನ್ನು ಇನ್ನೊಮ್ಮೆ ಓದಿದರು. ಸಂಜೆಯ ಹೊತ್ತಿಗೆ ಸೂಚನಾ ಫಲಕದಲ್ಲಿ ಆದೇಶ ಬಂತು:

“ಅನುಬಂಧ ಒಂದರ ವಸ್ತುಗಳು ದ್ವೀಪಕ್ಕೆ ತಕ್ಕವೇ ಎಂಬುದನ್ನು ಕಚೇರಿಯಲ್ಲಿ ಕುಳಿತು ನಿರ್ಧರಿಸುವುದು ಬೇಜವಾಬ್ದಾರಿಯಾಗುತ್ತದೆ. ಆದ ಕಾರಣ ಕಡತದೊಂದಿಗೆ ಸ್ಥಳ ತನಿಖೆ ನಡೆಸತಕ್ಕದ್ದು. ಟಿಕೆಟ್ಟುಗಳು ಕಡತದ ಲಗತ್ತುಗಳಾಗಿದ್ದು, ಅವನ್ನು ಕಡತದ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ. ತನಿಖಾ ಸಮಿತಿ: ದೊಡ್ಡ ಸಾಹೇಬರು (ಅಧ್ಯಕ್ಷರು); ಅವರ ಧರ್ಮಪತ್ನಿ (ಮಹಿಳಾ ವಸ್ತುಗಳ ತಜ್ಞೆ). ತನಿಖೆಯ ಅವಧಿ: ಐದು ದಿನ.”

ಗುಮಾಸ್ತರು ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತರು. “ಸಾರ್, ಸೂಟ್‌ಕೇಸಿನ ಜೊತೆ ನಾವೇ ಹೋಗಿಬರಬಹುದಾ?”

“ನಿಮ್ಮ ವಸ್ತುವನ್ನ ನೀವೇ ತನಿಖೆ ಮಾಡ್ತೀರಾ?” ಸಾಹೇಬರಿಗೆ ನೋವಾಗಿತ್ತು. “ಇಷ್ಟು ವರ್ಷ ಸರ್ವಿಸ್ ಆದವರು ನೀವು ಕೇಳೋ ಮಾತಾ ಇದು?”

ಗುಮಾಸ್ತರಿಗೆ ನಾಚಿಕೆಯಾಯಿತು. ಸೂಟ್‌ಕೇಸನ್ನು ಅವರೇ ಸ್ಟೇಷನ್ನಿಗೆ ಹೊತ್ತು, ಬೋಗಿಗೆ ಏರಿಸಿ, ಹ್ಯಾಂಡಲ್ ತುಸು ಸಡಿಲವಿದೆಯೆಂದು ಎಚ್ಚರಿಸಿ ಬಂದರು.

ಸಮಿತಿ ಐದು ದಿನ ಕಳೆದು ಹಿಂತಿರುಗಿತು. ಅಧ್ಯಕ್ಷರ ಮೂಗಿನ ತುದಿ ಸಿಪ್ಪೆ ಏಳುತ್ತಿತ್ತು. ವರದಿ ಚೊಕ್ಕವಾಗಿತ್ತು: ಬಿಸಿಲಿನ ಕ್ರೀಮು ಸಾಲದು, ಪೂರ್ತಿ ಖರ್ಚಾಯಿತು. ಟೋಪಿ ಉತ್ತಮ, ಆದರೆ ತಜ್ಞೆಯ ತಲೆಗೆ ಬಿಗಿಯಾಗಿದ್ದುದರಿಂದ ಹಿಗ್ಗಿಸಲಾಗಿದೆ. ಚಡ್ಡಿ ಹಡಗಿನಿಂದ ಇಳಿಯುವಾಗ ಹರಿದಿದ್ದು, ಅದು ಚಡ್ಡಿಯ ದೋಷ. ಸಮುದ್ರ ತೃಪ್ತಿಕರ. ಕೊನೆಗೆ ಆದೇಶ: “ಸದರಿ ನೌಕರರ ಸಾಮಾನುಗಳು ಸದರಿ ದ್ವೀಪಕ್ಕೆ ಹೋಗಿ, ಐದು ದಿನ ತಂಗಿ, ಸುರಕ್ಷಿತವಾಗಿ ಹಿಂತಿರುಗಿರುವುದರಿಂದ, ಸದರಿ ನೌಕರರು ಪತ್ನೀಸಮೇತ ಪ್ರವಾಸ ಮುಗಿಸಿರುವುದಾಗಿ ಭಾವಿಸತಕ್ಕದ್ದು. ಸೂಟ್‌ಕೇಸನ್ನು ಬಿಡುಗಡೆ ಮಾಡಿದೆ.”

ಗುಮಾಸ್ತರು ಕೆಲಸಕ್ಕೆ ಮರಳಿದ ವರದಿಗೆ ಸಹಿ ಹಾಕಿದರು. ಇಡೀ ಕಚೇರಿ ಅವರ ಮೇಜಿನ ಸುತ್ತ ನೆರೆಯಿತು.

“ಹೇಗಿತ್ತು ಸಾರ್ ದ್ವೀಪ?”

“ಚೆನ್ನಾಗಿತ್ತು,” ಎಂದರು ಗುಮಾಸ್ತರು. “ಸ್ವಲ್ಪ ಸೆಕೆ.”

ಮನೆಗೆ ಒಯ್ಯುವ ಮೊದಲು ಪಟ್ಟಿಯೊಂದಿಗೆ ತಾಳೆ ನೋಡಲು ಸೂಟ್‌ಕೇಸು ಬಿಚ್ಚಿದರು. ತಳದಲ್ಲಿ, ಚಪ್ಪಲಿಯ ಕೆಳಗೆ, ಒದ್ದೆ ಟವೆಲಿನ ಮಡಿಕೆಯಲ್ಲಿ ಬಿಳಿ ಮರಳಿತ್ತು. ಕೂಡಿಸಿದರೆ ಎರಡು ಬೊಗಸೆ. ಅನುಬಂಧ ಒಂದರಲ್ಲಿ ಮರಳಿಲ್ಲ. ಜೇಬಿಗೆ ಸುರಿದುಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಂಡತಿಯ ಕಾಲಡಿಗೆ ಹರಡಿದರೆ ಹೇಗಿರುತ್ತದೆಂದು ಗುಮಾಸ್ತರು ಒಂದು ಕ್ಷಣ ಯೋಚಿಸಿದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮರಳು ಹೊರಗಿನಿಂದ ಬಂದದ್ದು, ಮೇಜಿನ ಮೇಲಿದ್ದದ್ದು. ಅದನ್ನು ಲಕೋಟೆಗೆ ತುಂಬಿ ಮೊಹರು ಹೊಡೆದರು. ಸಂಖ್ಯೆ ನಾಲ್ಕು ಸಾವಿರದ ಐನೂರ ಎರಡು.

ಮರಳು ಇನ್ನು ಹೊಸ್ತಿಲು ದಾಟುವಂತಿರಲಿಲ್ಲ. ವಾರದೊಳಗೆ ಸಾಹೇಬರ ಸುತ್ತೋಲೆ ಹೊರಟಿತು: ದ್ವೀಪವು ಭಾಗಶಃ ಕಚೇರಿಯಲ್ಲೇ ಲಭ್ಯವಿರುವುದರಿಂದ ನೌಕರರ ದ್ವೀಪ ಪ್ರವಾಸದ ರಜೆಯನ್ನು ರದ್ದುಪಡಿಸಿದೆ, ಮರಳನ್ನು ಟ್ರೇಯಲ್ಲಿ ಹರಡಿದ್ದು, ಊಟದ ವಿರಾಮದಲ್ಲಿ ತಲಾ ಆರು ನಿಮಿಷ ಕಾಲಿಡಬಹುದು, ಕುಟುಂಬದವರಿಗೆ ಶನಿವಾರ.

ಜನ ಸಾಲಾಗಿ ನಿಂತರು. ಮೇಡಂ ಕಣ್ಣು ಮುಚ್ಚಿ ಕಾಲಿಟ್ಟು, ಇಷ್ಟು ಹತ್ತಿರದಲ್ಲಿ ಇಂಥ ಜಾಗ ಇರುವುದು ಗೊತ್ತೇ ಇರಲಿಲ್ಲ ಎಂದರು.

ಶನಿವಾರ ಗುಮಾಸ್ತರ ಹೆಂಡತಿ ಬಂದರು. ಹಿಗ್ಗಿದ ಟೋಪಿ ಕಣ್ಣಿನವರೆಗೂ ಇಳಿಯುತ್ತಿತ್ತು. ಗುಮಾಸ್ತರು ಕುರ್ಚಿ ಎಳೆದುಕೊಟ್ಟು, ಟ್ರೇ ಸರಿಮಾಡಿ, ಗಾಳಿ ಬರಲೆಂದು ಫ್ಯಾನನ್ನು ಅವರ ಕಡೆ ತಿರುಗಿಸಿದರು. ಆಕೆ ಚಪ್ಪಲಿ ಬಿಟ್ಟು ಪಾದ ಊರಿದರು.

“ರೀ, ಸಮುದ್ರ ಎಲ್ಲಿ?”

ಗುಮಾಸ್ತರು ಫ್ಯಾನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದರು. “ಅದಿನ್ನೂ ಮೇಲಿನ ಕಚೇರೀಲಿದೆ ಕಣೇ. ನಾನು ಜ್ಞಾಪನ ಕಳಿಸಿದೀನಿ.”

ಆಕೆ ಗಂಡನ ಮುಖವನ್ನೇ ನೋಡಿದರು. ಎದುರು ಗೋಡೆಯನ್ನು ನೋಡಿದರು. ಸಾಲಿನಲ್ಲಿ ಹಿಂದೆ ನಿಂತವರು ಗಡಿಯಾರ ನೋಡುತ್ತಿದ್ದರು. ಆರು ನಿಮಿಷವಾದಾಗ ಗುಮಾಸ್ತರು ಮಂಡಿಯೂರಿ ಕೂತು, ಹೆಂಡತಿಯ ಅಂಗಾಲನ್ನು ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಬೆರಳಸಂದಿಯ ಕೊನೆಯ ಕಣವನ್ನೂ ಟ್ರೇಗೆ ಉದುರಿಸಿದರು.

“ಮುಂದಿನ ಸರದಿ ಯಾವಾಗಂತೆ?” ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು.

“ಐದು ಶನಿವಾರ ಬಿಟ್ಟು.”

“ಹತ್ರಾನೇ ಬಂತಲ್ಲ,” ಎಂದವರೇ ಮನೆಗೆ ಹೋಗಿ, ಹಸಿರು ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿಟ್ಟು, ಹರಿದ ಚಡ್ಡಿಗೆ ಹೊಲಿಗೆ ಹಾಕಲು ಕೂತರು.